ಲಮೈ ಬಿಟ್ಟ ಎಂಟು ಮೀನು

ನಮ್ಮೂರ ಬೌದ್ಧ ವಿಹಾರದ ದೋಣಿಕಟ್ಟೆಯಲ್ಲಿ ನಾನು ಮಲ್ಲಿಗೆ ಹಾರ ಮಾರುತ್ತೇನೆ. ಪಕ್ಕದಲ್ಲಿ ಲಮೈ ಮೀನು ಮಾರುತ್ತಾಳೆ. ತಿನ್ನುವ ಮೀನಲ್ಲ, ಪುಣ್ಯಕ್ಕೆಂದು ಕೊಂಡು ಕಾಲುವೆಗೆ ಬಿಡುವ ಮೀನು. ಗ್ರಹಚಾರ ಕೆಟ್ಟವರೆಲ್ಲ ಅವಳ ಬೋಗುಣಿಯ ಕರಿ ಮೀನನ್ನೇ ಕೇಳುತ್ತಾರೆ. ಮೈಯೆಲ್ಲ ಗಟ್ಟಿ ಕವಚ, ಮುಳ್ಳು, ಗೋಡೆಗೆ ಕಚ್ಚಿಕೊಳ್ಳುವ ಬಾಯಿ. ಯಾವುದೋ ದೂರದೇಶದಿಂದ ಉಳ್ಳವರ ಮನೆಯ ಗಾಜಿನ ತೊಟ್ಟಿ ಚೊಕ್ಕ ಮಾಡಲು ಬಂದದ್ದು. ಬೆಳೆದು ತೊಟ್ಟಿಗೆ ಹಿಡಿಸದಾದಾಗ ಬ್ಯಾಂಕಾಕಿನ ವ್ಯಾಪಾರಿಗಳು ಅದಕ್ಕೆ ರಾಹು ಮೀನು ಎಂದು ಹೆಸರಿಟ್ಟು ನಮ್ಮ ಕಡೆ ಸಾಗಹಾಕಿದರು. ರಾಹುವಿನ ಹಾಗೆ ಬಣ್ಣ ಕಪ್ಪಲ್ಲವೇ, ಬಿಟ್ಟರೆ ಅವನ ಕಾಟ ತಪ್ಪುತ್ತದೆಂದು ಜನ ನಂಬಿದರು.

ಲಮೈಯ ಗಂಡ ಪ್ರಯೂನ್ ಅದೇ ಕಾಲುವೆಯಲ್ಲಿ ಬಲೆ ಹಾಕುವವನು. ಹೆಂಡತಿ ಕಟ್ಟೆಯಲ್ಲಿ ಮಾರಿದ್ದು ಕೆಳಗೆ ಗಂಡನ ಬಲೆಗೆ ಬೀಳುತ್ತಿತ್ತು. ಮೊದಮೊದಲು ಇಬ್ಬರೂ ನಕ್ಕರು. ಆಮೇಲೆ ಇವು ಕಾಲುವೆ ತುಂಬ ಹೆಚ್ಚಿ ಕೊರವ ಮೀನು ಕಡಿಮೆಯಾಯಿತು, ಸೀಗಡಿ ಕಾಣದಾಯಿತು. ಬಲೆ ತುಂಬ ಇವೇ. ಮುಳ್ಳು ಸಿಕ್ಕಿಕೊಂಡರೆ ಬಲೆ ಕೊಯ್ಯದೆ ಬಿಡಿಸಲಾಗದು. ಪ್ರಯೂನ್ ಸಿಟ್ಟಿನಿಂದ ಒಂದೊಂದನ್ನೂ ದಡಕ್ಕೆಸೆದು ಬಿಸಿಲಿಗೆ ಸಾಯಲು ಬಿಡುತ್ತಿದ್ದ.

"ನಿನ್ ಗಿರಾಕಿಗಳ ಪಾಪನೆಲ್ಲ ತಂದು ನನ್ ಬಲೆಗೆ ಸುರೀತಿದೀಯಲ್ಲೇ," ಎನ್ನುತ್ತಿದ್ದ.

"ನಾ ಮಾರದಿದ್ರೆ ಇನ್ನೊಬ್ಳು ಮಾರ್ತಾಳೆ. ಗಂಜಿಗೆ ನಿನ್ ಬಲೆ ದಾರ ಹಾಕಿ ಬೇಯಿಸ್ಲಾ?"

ಹೋದ ಮಳೆಗಾಲದಲ್ಲಿ ಅವನಿಗೆ ಜ್ವರ ಹಿಡಿಯಿತು. ಆಸ್ಪತ್ರೆಯ ಮಾತ್ರೆ ನುಂಗಿದರೂ ಇಳಿಯಲಿಲ್ಲ. ಜಾತಕ ನೋಡಿದ ಹಿರಿಯ ಭಿಕ್ಷು ರಾಹುವಿನ ಕಾಟ ಎಂದರು. ಪ್ರಯೂನ್ ಚಾಪೆಯಲ್ಲೇ ಮಗ್ಗುಲಾಗಿ, "ಲಮೈ, ನಂಗೂ ಎಂಟು ಬಿಡೇ," ಎಂದ. ನಮ್ಮಲ್ಲಿ ರಾಹುವಿಗೆ ಎಂಟೇ ಲೆಕ್ಕ.

"ನೀನೇ ದಡಕ್ಕೆಸೆದು ಸಾಯಿಸ್ತಿದ್ಯಲ್ಲ, ಅದನ್ನಾ?"

"ಹಂಗಂತ ನಾ ಸಾಯೋಕಾಗುತ್ತಾ?"

ಅವಳು ಬಂದು ನನ್ನ ಪಕ್ಕ ಕೂತಳು. ಬೋಗುಣಿಯೊಳಗೆ ಕೈಯಿಟ್ಟವಳು ತೆಗೆಯಲೇ ಇಲ್ಲ.

"ಅಕ್ಕ, ಬಿಟ್ರೆ ಅವನ ಬಲೆ ಹೋಗುತ್ತೆ. ಬಿಡದಿದ್ರೆ ಅವನೇ ಹೋಗ್ತಾನೋ ಏನೋ."

"ನಿಂಗೆ ನಂಬಿಕೆ ಇದೆಯಾ?"

"ನಂಗಿಲ್ಲ. ಅವನಿಗಿದೆ."

ನಾನು ಒಂದು ಹಾರ ಕೊಟ್ಟೆ. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಇಷ್ಟು ವರ್ಷ ಈ ಕಟ್ಟೆಗೆ ಬಂದವರೆಲ್ಲರ ಹಿಂದೆಯೂ ಒಬ್ಬ ಪ್ರಯೂನ್ ಮಲಗಿದ್ದನೇನೋ. ಯಾರಿಗೆ ತಾನೇ ಬೇಡ ಎನ್ನಬಹುದಿತ್ತು? ಲಮೈ ಕೈಮುಗಿದು ಎಂಟನ್ನೂ ನೀರಿಗೆ ಬಿಟ್ಟಳು. ಅವು ಕೆಸರಿಗಿಳಿದು ಮಾಯವಾದವು.

ಪ್ರಯೂನ್ ಎದ್ದ. ಮಾತ್ರೆಯಿಂದಲೋ ರಾಹುವಿನಿಂದಲೋ, ಕೇಳುವಷ್ಟು ಶಕ್ತಿ ನಮಗ್ಯಾರಿಗೂ ಇರಲಿಲ್ಲ. ಚಳಿ ಶುರುವಾದಾಗ ನಮ್ಮ ಕಟ್ಟೆಯ ಕೆಳಗೇ ಮತ್ತೆ ಬಲೆ ಹಾಕಿದ. ಎಳೆದರೆ ಅವೇ. ಒಂದನ್ನು ಬಿಡಿಸಿ ದಡಕ್ಕೆಸೆಯಲು ಎತ್ತಿದ ಕೈ ಹಾಗೇ ನಿಂತಿತು.

"ಲಮೈ, ಇದು ಆ ಎಂಟ್ರಲ್ಲಿ ಒಂದಾಗಿದ್ರೆ?"

"ಆಗಿದ್ರೆ ಆಗ್ಲಿ. ಎಸಿ."

"ನನ್ ಜೀವ ಕಣೇ ಅದು."

ಅದನ್ನು ಮೆಲ್ಲಗೆ ನೀರಿಗಿಳಿಸಿದ. ಮುಂದಿನದನ್ನೂ ಇಳಿಸಿದ. ಎಲ್ಲವೂ ಕಪ್ಪು, ಎಲ್ಲವಕ್ಕೂ ಒಂದೇ ಮುಖ. ತನ್ನದು ಯಾವುದೆಂದು ಅವನಿಗೆ ಹೇಗೆ ತಿಳಿಯಬೇಕು? ಬಲೆ ಬರಿದಾಗುವವರೆಗೂ ದಾರ ಕೊಯ್ದು ಕೊಯ್ದು ಬಿಟ್ಟ. ಕಟ್ಟೆಯಿಂದ ನೋಡುತ್ತಿದ್ದ ನನಗೆ ಬೈಯಲು ಮನಸ್ಸಾಗಲಿಲ್ಲ.

ಆ ಬಲೆ ಈಗ ಅವರ ಮನೆಯ ಗೋಡೆಗೆ ನೇತುಬಿದ್ದಿದೆ. ಪ್ರಯೂನ್ ದಿನಾ ಬೆಳಿಗ್ಗೆ ನನಗಿಂತ ಮುಂಚೆ ಕಟ್ಟೆಗೆ ಬಂದು ಲಮೈಯ ಬೋಗುಣಿಗೆ ನೀರು ತುಂಬುತ್ತಾನೆ.