ಬಾಗಿಲ ಬೆಳಕಿನಲ್ಲಿ ಮುತ್ತು

ನಾದಿನಿಯ ಮದುವೆ ಗೊತ್ತಾದಾಗ ಅವಳಿಗೊಂದು ಮುತ್ತಿನ ಸರ ಕೊಳ್ಳಲು ಅತ್ತೆಯನ್ನು ಕರೆದುಕೊಂಡು ಹೊರಟೆ. ತೊಂಬತ್ತರ ದಶಕದ ಕೊನೆ. ಆಗ ನಾವು ವೆಸ್ಟ್ ಮಾಂಬಲಂನಲ್ಲಿದ್ದೆವು. ರೈಲು ಹಳಿಯ ಮೇಲಿನ ಸೇತುವೆ ದಾಟಿದರೆ ಟಿ. ನಗರದ ಅಂಗಡಿಗಳು. ಮೈಸೂರಿನಲ್ಲಿದ್ದಾಗ ನೆಂಟರಿಷ್ಟರು ಮುತ್ತು ಕೊಳ್ಳುವ ಮೊದಲು ಅತ್ತೆಗೆ ತೋರಿಸುತ್ತಿದ್ದರಂತೆ. ನನಗೋ ಮುತ್ತು, ಪ್ಲಾಸ್ಟಿಕ್ ಎರಡೂ ಒಂದೇ.

ಅಂಗಡಿಯವರು ನಾಲ್ಕು ಸರ ಹರಡಿದರು. ಅತ್ತೆ ಒಂದು ಮಣಿಯನ್ನು ಮುಂದಿನ ಹಲ್ಲಿಗೆ ಮೆಲ್ಲಗೆ ತಿಕ್ಕಿದರು.

"ನೀನೂ ನೋಡು. ನುಣ್ಣಗೆ ಜಾರಿದ್ರೆ ಗಾಜು. ಸಣ್ಣ ಮರಳು ತಾಕಿದ ಹಾಗಿದ್ರೆ ಮುತ್ತು."

ಸಂಕೋಚದಿಂದಲೇ ತಿಕ್ಕಿದೆ. ತರಿತರಿಯಾಗಿತ್ತು. ಅಂಗಡಿಯವರು ನಕ್ಕು, ತಮಿಳಿನಲ್ಲಿ, "ಎಲ್ಲಾಮೇ ಒರಿಜಿನಲ್‌ದಾಮ್ಮಾ" ಎಂದರು.

"ಒರಿಜಿನಲ್ ಆದ್ರೆ ಸಾಲ್ದು, ಹೊಳಪು ಒಳಗಿಂದ ಬರ್ಬೇಕು" ಎಂದು ನನಗೆ ಹೇಳಿ, ಅತ್ತೆ ಒಂದು ಸರ ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹೋದರು. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ ಎಂಬುದು ಅವರ ಮಾತು. ತುಂಬ ಹೊತ್ತು ತಿರುಗಿಸಿ ನೋಡಿ, "ಇದೇ ಇರ್ಲಿ, ಎಲ್ಲಾ ಒಂದೇ ಬಣ್ಣ" ಎಂದರು.

ನಾನು ಬಗ್ಗಿ ನೋಡಿದೆ. ನಡುವಿನ ಏಳೆಂಟು ಮಣಿ ಹಳದಿ. ಒಂದಂತೂ ಸುಣ್ಣದ ಉಂಡೆಯಂತೆ ಮಂಕು. ಹೇಳಲೋ ಬೇಡವೋ ಎಂದುಕೊಳ್ಳುತ್ತಲೇ, "ಅತ್ತೆ, ಮಧ್ಯದಲ್ಲಿ ಸ್ವಲ್ಪ ಹಳದಿ ಇದೆ ಅಲ್ವಾ?" ಎಂದೆ.

ಅವರು ಸರವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದರು. ಆಮೇಲೆ ದನಿ ತಗ್ಗಿಸಿ, "ನಂಗೆ ಕಾಣಿಸ್ತಿಲ್ಲ ಕಣೆ. ಐದಾರು ತಿಂಗಳಿಂದ ಎಲ್ಲಾ ಮಂಜು ಮಂಜು. ಮದುವೆ ಮುಗೀಲಿ ಅಂತ ಸುಮ್ನಿದ್ದೆ" ಎಂದರು.

ಅಕ್ಕಿ ಆರಿಸುವ ಕೆಲಸವನ್ನು ಅವರು ನನಗೆ ಬಿಟ್ಟುಕೊಟ್ಟಾಗ ನಾನು ಒಳಗೊಳಗೇ ಗೊಣಗಿದ್ದೆ. ಆಫೀಸಿನಿಂದ ದಣಿದು ಬಂದವಳಿಗೆ ಇದೊಂದು ಬೇರೆ ಎಂದು. ದಿನವೂ ಜೊತೆಗೇ ಊಟ ಮಾಡುತ್ತಿದ್ದೆವು, ಒಂದು ಸಲವೂ ಅವರ ಕಣ್ಣನ್ನು ಸರಿಯಾಗಿ ನೋಡಿರಲಿಲ್ಲ.

ಅಂದು ಸರ ಕೊಳ್ಳಲಿಲ್ಲ. ಮರುವಾರ ಡಾಕ್ಟರು ನೋಡಿ, ಪೊರೆ ಬಲಿತಿದೆ ಎಂದರು. ಮದುವೆಗೆ ಮುಂಚೆಯೇ ಒಂದು ಕಣ್ಣಿನ ಆಪರೇಷನ್ ಆಯಿತು.

ಕಣ್ಣು ವಾಸಿಯಾದ ಮೇಲೆ ಮತ್ತೆ ಅದೇ ಅಂಗಡಿಗೆ ಹೋದೆವು. ಈ ಸಲ ಅತ್ತೆ ಸರಗಳನ್ನು ನನ್ನ ಕೈಗಿತ್ತು, "ಮೊದಲು ನೀನು ಹೇಳು" ಎಂದರು. ನಾನು ಆರಿಸಿದ್ದನ್ನು ತಿರುಗಿಸಿ, ಮಣಿಗಳ ತೂತಿನ ಅಂಚಿನಲ್ಲಿ ಪದರ ಎದ್ದಿದೆಯೇ ಎಂದು ನೋಡಿ, ಒಪ್ಪಿದರು.

ಮರಳುವಾಗ ಸೇತುವೆಯ ಮೆಟ್ಟಿಲನ್ನು ನನ್ನ ತೋಳು ಹಿಡಿಯದೆ ಹತ್ತಿದರು. ಮೇಲೆ ಕೂತಿದ್ದ ಹೂವಿನವಳ ಬುಟ್ಟಿಯ ಮುಂದೆ ನಿಂತು, "ಕನಕಾಂಬರ ಇಷ್ಟು ಕೆಂಪಗಿರತ್ತೆ ಅನ್ನೋದೇ ಮರ್ತುಹೋಗಿತ್ತು ನೋಡು" ಎಂದರು.