ದೂಮಣ್ಣನ ಹೋಟೆಲಿನ ಒಡೆದ ಲೋಟ

“ತೆಗೆದ ವಸ್ತುವನ್ನು ಪುನಃ ಅಲ್ಲೇ ಇಟ್ಟರೆ ಅದು ಮೊದಲಿನ ಹಾಗೆ ಆಗ್ತದಾ ಸರ್?” ಎಂದು ಲಾಯಿಲದಲ್ಲಿ ಹೋಟೆಲು ನಡೆಸುತ್ತಿದ್ದ ದೂಮಣ್ಣ ಕೇಳಿದಾಗ, ವಿಜ್ಞಾನದ ಪುಸ್ತಕಗಳನ್ನೇ ನೆಚ್ಚಿದ ನಾನು ನಕ್ಕು ಚಹಾದ ಲೋಟ ಎತ್ತಿಕೊಂಡೆ. ಗ್ರೀಸಿನ ಒಂದು ದ್ವೀಪದಲ್ಲಿ ಪ್ರಾಚೀನ ಪಟ್ಟಣವೊಂದರ ಉತ್ಖನನ ನಡೆಸುತ್ತಿದ್ದ ತಂಡಕ್ಕೆ ಹಲವು ವರ್ಷ ಅಡುಗೆ ಮಾಡಿ ಮರಳಿದ್ದ ಅವರು, ಅಲ್ಲಿಯ ಶಿಸ್ತನ್ನು ಇಲ್ಲಿಯ ಚಹಾದಂಗಡಿಗೂ ಅನ್ವಯಿಸಿದ್ದರು. ಲೋಟ ಒಡೆದರೆ ಸಾಕು, “ಯಾರೂ ಮುಟ್ಟಬೇಡಿ! ಯಾವ ಚೂರು ಎಲ್ಲಿ ಬಿದ್ದಿದೆ, ಮೊದಲು ನೋಡುವ” ಎಂದು ಮಂಡಿಯೂರುತ್ತಿದ್ದರು, ನೋಡಿ ಮುಗಿಯುವವರೆಗೆ ಗಿರಾಕಿಗಳು ಕಾಲೆತ್ತಿ ಕುಳಿತಿರಬೇಕು. “ಈ ಗೋಳಿಬಜೆ ಯಾವ ಶತಮಾನದ್ದು ಮಾರಾಯ್ರೆ?” ಎಂದು ಯಾರಾದರೂ ತಟ್ಟೆಯ ಕರಿದ ತಿಂಡಿ ತೋರಿಸಿ ಕೆಣಕಿದರೆ, “ಮೆಲ್ಲ ಬಿಡಿಸಿ, ಒಳಗಿನ ಪದರ ಇನ್ನೂ ಹಳೆಯದು” ಎನ್ನುತ್ತಿದ್ದರು. ಬಾವಿ ತೋಡುವಾಗ ಸಿಕ್ಕ ಮಡಕೆಯ ಚೂರನ್ನು ಯಾರಾದರೂ ತಂದು ತೋರಿಸಿದರೆ ಮಾತ್ರ ಅವರ ನಗು ಆರುತ್ತಿತ್ತು: “ಸಿಕ್ಕಿದ ಜಾಗ ಬಿಟ್ಟು ಬಂದರೆ ಇದು ಬರೇ ಓಡಿನ ತುಂಡು. ಹೋಗಿ, ಅಲ್ಲೇ ಇಟ್ಟು ಬನ್ನಿ.” ಮೂಡುಬಿದಿರೆಯ ಸಂಘವೊಂದು ಗ್ರೀಸಿನ ಅನುಭವಕ್ಕಾಗಿ ಅವರಿಗೆ ಶಾಲು ಹೊದೆಸಲು ಬಂದಾಗ, ತಲೆ ತಗ್ಗಿಸಿ ಅಡುಗೆಮನೆಗೆ ಹೋದವರು ಹೊರಬರಲೇ ಇಲ್ಲ, ನಾವದನ್ನು ವಿನಯವೆಂದುಕೊಂಡೆವು. ಅವರು ತೀರಿಕೊಂಡ ಮೇಲೆ ಹೆಂಡತಿ ನೀಲಾವತಿ, ಅಕ್ಕಿಡಬ್ಬದಿಂದ ಹಕ್ಕಿಯ ಕಾಲು ಚಿತ್ರಿಸಿದ್ದ ಬೆರಳಗಲದ ಮಡಕೆಚೂರೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. “ಗ್ರೀಸಿನಿಂದ ಹೊರಡುವಾಗ ಕಿಸೆಗೆ ಹಾಕಿಕೊಂಡದ್ದಂತೆ. ಹಿಂದೆ ಕಳಿಸುವ ಅಂತ ಎಷ್ಟು ಸಲ ಹೊರಟರು! ಅಲ್ಲಿ ಅಗೆದ ಯಾವ ಗುಂಡಿಯದ್ದು ಅಂತ ಅವರಿಗೇ ನೆನಪಾಗ್ಲಿಲ್ಲ.”