ಬೆಳಂಬಾರದ ಮಾಸ್ತಮ್ಮ ಮತ್ತು ಮೂರು ಒಲೆಗಳ ಸಮಾಜಶಾಸ್ತ್ರ

ನನಗೆ ಸಮಾಜಶಾಸ್ತ್ರ ಕಲಿಸಿದವರು ಇಬ್ಬರು. ಒಬ್ಬರು ಅಂಕೋಲೆಯ ಕಾಲೇಜಿನಲ್ಲಿ ನಮಗೆ ಪಾಠ ಮಾಡಿದ ಗಿರಿಧರ ಸರ್, ಇನ್ನೊಬ್ಬಳು ಬೆಳಂಬಾರದ ಮಾಸ್ತಮ್ಮ. ಸರ್ ಬಳಿ ಎಂ.ಎ. ಇತ್ತು, ಮಾಸ್ತಮ್ಮನ ಬಳಿ ಒಂದು ಒಲೆ ಇತ್ತು. ಇಬ್ಬರೂ ಎದುರಾದ ದಿನ ಗೆದ್ದವರು ಯಾರೆಂದು ನೀವೇ ನೋಡಿ.

1986ರ ಮಾತು. ಹಳೆಯ ಪಂಡಿತರು ಶಾಸ್ತ್ರಗ್ರಂಥ ಓದಿ ಭಾರತದ ಸಮಾಜ ಹೀಗಿದೆ ಎಂದರು, ಆಮೇಲಿನವರು ಪುಸ್ತಕ ಮುಚ್ಚಿ ಹಳ್ಳಿಗೆ ಹೋಗಿ ಕಣ್ಣಾರೆ ನೋಡಿ ಎಂದರು. ಇದನ್ನು ಸರ್ ಹನ್ನೊಂದು ವರ್ಷದಿಂದ ಅದೇ ಹಳದಿ ನೋಟ್ಸ್ ನೋಡಿ ಹೇಳುತ್ತಿದ್ದರು, ಮಹಾನುಭಾವರು! ಆ ವರ್ಷ ಅದೇನು ಬುದ್ಧಿ ಬಂತೋ, ನಮ್ಮ ಕೈಗೆ ಕುಟುಂಬ ಸಮೀಕ್ಷೆಯ ಫಾರ್ಮು ಕೊಟ್ಟು ಬೆಳಂಬಾರಕ್ಕೆ ಅಟ್ಟಿದರು. ಹೊಸ ರೇಷನ್ ಕಾರ್ಡು ಕೊಡುವವರೂ ಅದೇ ಫಾರ್ಮು ನೋಡುವವರಿದ್ದರು.

ಮಾಸ್ತಮ್ಮನಿಗೆ ಆಗ ನಲವತ್ತರ ಆಸುಪಾಸು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ನಾಟಿಗೆ, ಶೇಂಗಾ ಕೀಳಲು ಕೂಲಿಗೆ ಹೋಗುತ್ತಿದ್ದಳು. ಮೈದುನ ಬಾಳಾನ ಜೊತೆ ಒಂದೇ ಮಾಡಿನ ಕೆಳಗೆ ವಾಸ, ಆದರೆ ಬೇಯಿಸಿ ಉಣ್ಣುವುದು ತನ್ನದೇ ಒಲೆಯಲ್ಲಿ. ಹಿಂಬದಿಗೆ ಅತ್ತೆ ಸುಬ್ಬಿಯದು ಮೂರನೆಯ ಒಲೆ. ಸೊಸೆಯರ ಕೈಯ ಉಪ್ಪು ಆ ಮುದುಕಿಗೆ ಆಗುತ್ತಿರಲಿಲ್ಲ.

ಫಾರ್ಮಿನ ಪ್ರಕಾರ ಸೂರು ಒಂದಾದರೆ ಕುಟುಂಬವೂ ಒಂದು. ನಾನು ಜಾಣೆ ನೋಡಿ, ‘ಯಜಮಾನ: ಬಾಳಾ. ಅವಲಂಬಿತೆ: ಮಾಸ್ತಮ್ಮ’ ಎಂದು ಬರೆದು ಗಟ್ಟಿಯಾಗಿ ಓದಿಯೂ ಬಿಟ್ಟೆ.

“ಅವಲಂಬಿತೆ ಅಂದ್ರೆ ಎಂತದೇ ತಂಗಿ?” ಎಂದಳು ಮಾಸ್ತಮ್ಮ.

“ಬೇರೆಯವರ ಆಸರೆಯಲ್ಲಿ ಇರುವವರು.”

ಕೈಯಲ್ಲಿದ್ದ ಕಸಬರಿಗೆ ಎಸೆದಳು. “ಯಾರ ಆಸರೆ? ಆರು ವರ್ಷ ಆಯ್ತು, ಬಾಳಾನ ಗಡಿಗಿಂದ ಒಂದು ಅಗಳು ತಿಂದೋಳಲ್ಲ ನಾನು. ಮದ್ವಿಗೆ ಕರಿಯೂಕೆ ಬಂದವ್ರೂ ಒಲಿಗೊಂದು ಅಡಿಕೆ ಇಟ್ಟು ಹೋತ್ರು. ನಿನ್ನ ಕಾಗ್ದಕ್ಕೆ ನನ್ನ ಒಲೆ ಕಾಣೂದಿಲ್ವಾ? ನಿಮ್ಮ ಬುಕ್ಕ ಬರ್ದವ ಯಾರ ಮನೀಲಿ ಉಂಡಿದ್ದ?”

ಜಗಲಿಯಿಂದ ಬಾಳಾ ಕೂಗಿದ: “ಒಂದೇ ಮನಿ ಅಂತ ಬರ್ಕಳಿ! ಒಲೆ ಎಣಿಸ್ತಾ ಕೂತ್ರೆ ನನ್ನ ಯಜಮಾನ್ಕಿ ಎಲ್ಲಿ ಉಳೀತದೆ?”

ಸರ್‌ಗೆ ಹೇಳಿದರೆ, “ಪುಸ್ತಕದಲ್ಲಿ ಹಾಗಿಲ್ಲ ಕುಸುಮಾ” ಎಂದರು. ನನಗೆ ಮೈ ಉರಿಯಿತು. “ಹಾಗಾದರೆ ನೀವೇ ಬಂದು ನೋಡಿ ಸರ್” ಎಂದೆ.

ಭಾನುವಾರ ಬಂದರು. ಬಾಳಾ ಮೊದಲೇ ಅವರನ್ನು ಹಿಡಿದು ಕೂರಿಸಿ ಕುಚಲಕ್ಕಿ ಅನ್ನ, ಬಂಗಡೆ ಸಾರು ಬಡಿಸಿದ. ಸರ್ ಎರಡೆರಡು ಸಲ ಹಾಕಿಸಿಕೊಂಡು ಉಂಡು ಕೈ ತೊಳೆದರು. ಬಾಗಿಲಲ್ಲಿ ಮಾಸ್ತಮ್ಮ ನಿಂತಿದ್ದಳು.

“ಮಾಸ್ತರ್ರೇ, ಬಾಳಾನ ಮನೀಲಿ ಉಂಡ್ರಿ. ಇನ್ನು ನಮ್ಮನೀಲಿ ಉಣ್ಣಿ.”

“ಎರಡೂ ಒಂದೇ ಮನೆ ಅಲ್ಲವೇನಮ್ಮಾ?”

“ಒಂದೇ ಆದ್ರೆ ನನ್ನ ಒಲಿ ಮೇಲೆ ಬೇರೆ ಸಾರು ಎಂತಕ್ಕೆ ಕುದೀತದೆ? ಬಾಗ್ಲಿಗೆ ಬಂದವ್ರು ಉಣ್ದೇ ಹೋದ್ರೆ ನಂಗೆ ಮರ್ಯಾದಿ ಉಂಟಾ?”

ಸರ್ ಪಾಪ, ಕೂತರು. ಚಿಪ್ಪಿಕಲ್ಲು ಅಂದರೆ ಚಿಪ್ಪುಮೀನಿನ ಸಾರು, ಮತ್ತೆ ಅನ್ನದ ರಾಶಿ. ಬೇಡ ಎಂದು ಕೈ ಅಡ್ಡ ಹಿಡಿದರೆ ಬೆರಳಿನ ಮೇಲೇ ಬಡಿಸಿದಳು. ಹೇಗೋ ಮುಗಿಸಿ ಎದ್ದರೆ ಹಿಂಬದಿಯಿಂದ ಸುಬ್ಬಿಯ ದನಿ: “ಸಣ್ಣವ್ರ ಮನೀಲಿ ಉಂಡು ದೊಡ್ಡವ್ಳ ಮನಿ ಬಿಟ್ಟು ಹೋಪ್ದಾ?” ಅಲ್ಲಿ ಗಂಜಿ, ಸುಟ್ಟ ಒಣಮೀನು.

ಮೂರನೆಯ ಊಟ ಮುಗಿಸಿ ಸರ್ ಕಂಬ ಹಿಡಿದುಕೊಂಡು ಜಗಲಿಗೆ ಬಂದರು. ಬೆಲ್ಟು ಸಡಿಲಿಸಿದರು. ಫಾರ್ಮು ಕೇಳಿ ಇಸಿದುಕೊಂಡು, ಕುಟುಂಬಗಳ ಸಂಖ್ಯೆ ಒಂದು ಎಂಬುದನ್ನು ಹೊಡೆದುಹಾಕಿ ಮೂರು ಎಂದು ಬರೆದರು. ಹನ್ನೊಂದು ವರ್ಷದ ನೋಟ್ಸು ಮಾಡದ ಕೆಲಸವನ್ನು ಹೊಟ್ಟೆ ಮಾಡಿತ್ತು.

“ನನ್ನ ಹೆಸ್ರು ಓದು ತಂಗಿ.”

“ಯಜಮಾನಿ: ಮಾಸ್ತಮ್ಮ.”

“ಮತ್ತೊಂದ್ಸಲ ಓದು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಂದೆ ಅವಳ ಹೆಸರಿಗೇ ರೇಷನ್ ಕಾರ್ಡು ಬಂತು.

1993ರ ಹೊತ್ತಿಗೆ ನಾನೇ ಕಾರವಾರದಲ್ಲಿ ಪಾಠ ಮಾಡುತ್ತಿದ್ದೆ. ಕುಟುಂಬ ಎಂದರೆ ಬರೀ ಗಂಡಸಿನ ಹೆಸರೇಕೆ ಎಂದು ದೊಡ್ಡ ದೊಡ್ಡ ವಿದ್ವಾಂಸರೂ ಆಗ ಕೇಳತೊಡಗಿದ್ದರು. ನಾನಂತೂ ಅದರ ಮೇಲೆ ಗಂಟೆಗಟ್ಟಲೆ ಕೊರೆಯುತ್ತಿದ್ದೆ. ಅದೇ ವರ್ಷ ನನ್ನ ಮದುವೆ. ಅವಸರದಲ್ಲಿ ಬೆಳಂಬಾರಕ್ಕೆ ಹೋಗಿ, ಜಗಲಿಯಲ್ಲಿದ್ದ ಬಾಳಾನ ಕೈಗೆ ಒಂದೇ ಮದುವೆ ಕಾಗದ ಕೊಟ್ಟು, “ಎಲ್ಲರೂ ಬನ್ನಿ” ಎಂದು ಬಸ್ಸಿಗೆ ಓಡಿದೆ.

ಮದುವೆಗೆ ಬಾಳಾ ಬಂದ, ಅವನ ಹೆಂಡತಿ ಬಂದಳು. ಮುದುಕಿ ಸುಬ್ಬಿ ಆಗಲೇ ತೀರಿಕೊಂಡಿದ್ದಳು. ಮಾಸ್ತಮ್ಮ ಬರಲಿಲ್ಲ.

“ಮಾಸ್ತಮ್ಮ ಎಲ್ಲಿ?” ಎಂದೆ.

“ಅವ್ಳ ಒಲಿಗೆ ನೀವು ಕರೀಲೇ ಇಲ್ವಲ್ಲ ತಂಗಿ” ಎಂದ ಬಾಳಾ. ಹೇಳಿದ್ದು ಯಾರು? ಅದೇ ಬಾಳಾ! ಬಾಸಿಂಗ ಕಟ್ಟಿಕೊಂಡು ನಿಂತಿದ್ದ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನಾಲ್ಕನೆಯ ದಿನ ಗಂಡ ಕಿಶೋರನನ್ನು ಕರೆದುಕೊಂಡು ಹೋಗಿ ಅವಳ ಒಲೆಯ ಪಕ್ಕ ಅಡಿಕೆ ಇಟ್ಟೆ. ಅವಳು ಅದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದಳು.

“ಬೇರೆ ಯಾರು ಮರ್ತ್ರೂ ನಂಗೆ ಬೇಜಾರಾಗ್ತಿರ್ಲಿಲ್ಲ. ನನ್ನ ಹೆಸ್ರು ಎರಡು ಸಲ ಓದಿದವ್ಳು ನೀನು.”

ನಾನು ಅತ್ತುಬಿಟ್ಟೆ. ಅವಳು ಅಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಎಲೆ ಹಾಕಿದಳು.

“ಈಗಷ್ಟೇ ಬಾಳಾನ ಮನೆಯಲ್ಲಿ ಉಂಡೆವಲ್ಲ?” ಎಂದು ಕಿಶೋರ ಪಿಸುಗುಟ್ಟಿದ.

“ಸುಮ್ಮನೆ ಕೂತು ಉಣ್ಣು” ಎಂದೆ.